ಬೀರುವಿನ ಬೀಗದಕೈ

ಬೀಗದಕೈ ನನ್ನ ಸೊಂಟದಲ್ಲಿದೆ, ಇಪ್ಪತ್ತೊಂದು ವರ್ಷದಿಂದ.
ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಹೊರುವುದು,
ಸಂಜೆ ಬೋರ್ಡು ಒರೆಸುವುದು, ಇಷ್ಟು ನನ್ನ ಕೆಲಸ.
ಬೀರುವಿನ ಮೇಲಿನ ಅರೆಯಲ್ಲಿ ಯಾರೂ ಕೇಳಿ ಬಾರದ ಸಾಮಾನು:
ಮೂರು ಟಿಫಿನ್ ಡಬ್ಬಿ, ಎಡಗಾಲಿನ ಒಂದು ಶೂ,
ಯಾರೋ ಬರೆದು ಯಾರಿಗೂ ಕೊಡದೇ ಹೋದ ಕಾಗದ.
ಮಂಗಳವಾರದಿಂದ ಅದರ ಪಕ್ಕ
ಒಂದು ಪಿಸ್ತೂಲು.

ಕಪ್ಪು. ನೋಡಿದರೆ ಕಬ್ಬಿಣ, ಎತ್ತಿದರೆ ಸೋಪಿನ ಡಬ್ಬಿಯ ಭಾರ.
ಮೂತಿಗೆ ಕಿತ್ತಳೆ ಬಣ್ಣವಿತ್ತಂತೆ,
ಹುಡುಗ ಅದರ ಮೇಲೆ ಸ್ಕೆಚ್ ಪೆನ್ನು ತಿಕ್ಕಿದ್ದಾನೆ.
ಯಾಕೋ ಅಂದರೆ, "ನಿಜದ್ದರ ಥರ ಕಾಣ್ಲಿ ಅಂತ."
ಸುಳ್ಳು ಹೇಳಲಿಲ್ಲ.
ಚಿರಂತ್, ಒಂಬತ್ತನೇ ಬಿ.

ಮಂದಾಕಿನಿ ಮಿಸ್ಸು ಬೋರ್ಡಿಗೆ ಮುಖ ಮಾಡಿ ಲೆಕ್ಕ ಬರೆಯುತ್ತಿದ್ದರು.
ಹಿಂದೆ ಟಕ್ ಅಂತು. ತಿರುಗಿದರು.
ಮೂರನೇ ಬೆಂಚಿನಿಂದ ಅದು ಅವರನ್ನೇ ನೋಡುತ್ತಿತ್ತು.
ನಾನು ಓಡಿ ಹೋಗುವಷ್ಟರಲ್ಲಿ
ಮುಷ್ಟಿಯೊಳಗೆ ಸೀಮೆಸುಣ್ಣ ಹಿಟ್ಟಾಗಿತ್ತು,
ಸೀರೆಯ ನೆರಿಗೆಯೆಲ್ಲ ಬಿಳಿ.
ಹುಡುಗರು ನಗುತ್ತಿದ್ದರು. ಆಮೇಲೆ
ಒಬ್ಬೊಬ್ಬರಾಗಿ ನಿಲ್ಲಿಸಿದರು.

ಶನಿವಾರ ಸಭೆ.
ಪೆನ್ಷನ್ ಮೊಹಲ್ಲಾ, ರಂಗೋಲಿಹಳ್ಳ, ಸಾಲಗಾಮೆ ರಸ್ತೆ,
ಫಲಿತಾಂಶದ ದಿನವೂ ಇಷ್ಟು ಚಪ್ಪಲಿ ಬಾಗಿಲಲ್ಲಿ ಕಂಡದ್ದಿಲ್ಲ.
ಟೀಸಿ ಕೊಟ್ಟು ಕಳಿಸಿ, ಅಂದರು.
ದಿನಾ ಬ್ಯಾಗು ಬಿಚ್ಚಿ ನೋಡಿ, ಅಂದರು.
ಆಟದ ಸಾಮಾನಿಗೆ ಇಷ್ಟು ರಾದ್ಧಾಂತವಾ? ಅಂದವರನ್ನು
ನಾಳೆ ನಿಜದ್ದೇ ತಂದರೆ? ಅಂತ ಕೂರಿಸಿದರು.

ಆಲೂರು ಕಡೆಯ ಸಣ್ಣೇಗೌಡರು ಎದ್ದು ನಿಂತು,
"ನಮ್ಮನೇಲಿ ಲೈಸೆನ್ಸಿನ ಕೋವಿನೇ ಇದೆ ಸ್ವಾಮಿ,
ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ಬರ್ತೀವಿ,
ನಮ್ಮ ಮಕ್ಕಳು ಒಂದಿನ ಆ ಕಡೆ..."
ಅಲ್ಲಿಗೆ ಮಾತು ನಿಂತಿತು.
ಜಗುಲಿಗೆ ಹೋಗಿ ಫೋನು ಹಚ್ಚಿದರು.
ನೀರಿನ ಲೋಟ ಹಿಡಿದು ನಿಂತಿದ್ದ ನನಗೆ ಕೇಳಿಸಿತು:
"ಬೀಗ ಹಾಕಿದೀಯಾ? ಈಗಲೇ ಹೋಗಿ ನೋಡು."

ಮೂಲೆಯಿಂದ ಅಫ್ನಾನನ ತಂದೆ, ಬೇಕರಿಯವರು,
"ಇದನ್ನ ನನ್ನ ಮಗ ತಂದಿದ್ದಿದ್ದರೆ..." ಅಂದು
ಕರ್ಚೀಫು ಮಡಿಚಿದರು.
ಮುಂದೆ ಹೇಳಿ ಅಂತ ಯಾರೂ ಅನ್ನಲಿಲ್ಲ.

ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದ ಚಿರಂತನ ಅಮ್ಮ
ನೆಲ ನೋಡಿಕೊಂಡೇ ಹೇಳಿದಳು:
"ಹಾಸನಾಂಬೆ ಬಾಗಿಲು ತೆಗೆದಾಗ ಆರು ಗಂಟೆ ಸಾಲಲ್ಲಿ ನಿಂತಿದ್ವಿ.
ಕಾಲು ನೋವು ಅನ್ನಲಿಲ್ಲ, ಹಟ ಮಾಡಲಿಲ್ಲ.
ಈಚೆ ಬಂದು, ಏನು ಬೇಕು ಮಗ ಅಂದೆ."

ಠರಾವಾಯಿತು.
ಆಯುಧದಂತೆ ಕಾಣುವ ಯಾವುದೂ ಗೇಟು ದಾಟಕೂಡದು.
ಸುತ್ತೋಲೆಯನ್ನು ತರಗತಿ ತರಗತಿಗೆ ಒಯ್ದವಳು ನಾನೇ.

ಬೀರುವಿನ ಕೆಳಗಿನ ಅರೆಯಲ್ಲಿ ಏನಿದೆ ಅಂತ
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಹಳೇ ಬ್ಯಾನರು ಹೊದ್ದು ಮಲಗಿವೆ ಹನ್ನೊಂದು ಮರದ ಕೋವಿ,
ಆಗಸ್ಟ್ ಹದಿನೈದರ ರೂಪಕಕ್ಕೆ ಮಾಡಿಸಿದ್ದು.
ಬಣ್ಣ ಬಳಿದದ್ದು ನಾನು, ಕೈ ತೊಳೆದರೂ ಎರಡು ದಿನ ಹೋಗಲಿಲ್ಲ.
ಸಾಲು ನಿಲ್ಲಿಸಿ ಕಲಿಸಿದ್ದು ಮಂದಾಕಿನಿ ಮಿಸ್ಸು:
ಒಂದು ಕಣ್ಣು ಮುಚ್ಚು, ಮೊಣಕೈ ಅಲುಗಬಾರದು, ಚಿರಂತ್, ಶಭಾಷ್.
ಕ್ರೀಡಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟಿತು.
ಶೀಲ್ಡು ಹೆಡ್‌ಮಾಸ್ತರ ಮೇಜಿನ ಮೇಲಿದೆ.

ಮಿಸ್ಸು ಈಗಲೂ ಪಾಠ ಮಾಡುತ್ತಾರೆ.
ಆದರೆ ಬೆನ್ನು ಮಾತ್ರ ತರಗತಿಗೆ ಕೊಡುವುದಿಲ್ಲ.
ಅಡ್ಡ ನಿಂತು, ಮಕ್ಕಳ ಮೇಲೊಂದು ಕಣ್ಣಿಟ್ಟು ಬರೆಯುತ್ತಾರೆ.
ನೇರ ಗೆರೆ ಎಳೆದಂತಿರುತ್ತಿದ್ದ ಅಕ್ಷರ
ಈಗ ಬಲಕ್ಕೆ ಹೋಗುತ್ತ ಹೋಗುತ್ತ ಇಳಿಯುತ್ತದೆ.
ಸಂಜೆ ನಾಲ್ಕೂವರೆಗೆ ನಾನು ಬಟ್ಟೆ ಹಿಡಿದು ನಿಲ್ಲುತ್ತೇನೆ.
ಒರೆಸುವ ಕೈಯೂ
ಆ ಇಳಿಜಾರಿನಲ್ಲೇ ಜಾರುತ್ತದೆ.